ಇಂಗ್ಲಿಷಿನಲ್ಲಿ ದೇವರಿಗೆ ದೊಡ್ಡಕ್ಷರ ಯಾವಾಗ, ಪೂಜೆಗೆ ಯಾಕೆ ಬೇಡ: ಉತ್ತರ ಕನ್ನಡದವರಿಗೊಂದು ಸಮಗ್ರ ಮಾರ್ಗದರ್ಶಿ

ಗೋಕರ್ಣ, ಮುರ್ಡೇಶ್ವರ, ಇಡಗುಂಜಿ, ಬನವಾಸಿ, ಶಿರಸಿ. ನಮ್ಮ ಜಿಲ್ಲೆಗೆ ಹೊರಗಿನಿಂದ ಬರುವ ಬಹಳಷ್ಟು ಜನ ದೇವಸ್ಥಾನಕ್ಕೆಂದೇ ಬರುತ್ತಾರೆ. ಅವರಿಗಾಗಿ ನಾವು ಇಂಗ್ಲಿಷಿನಲ್ಲಿ ಬೋರ್ಡು ಬರೆಸುತ್ತೇವೆ, ಕರಪತ್ರ ಹಾಕಿಸುತ್ತೇವೆ, ಹೋಮ್‌ಸ್ಟೇ ಬಗ್ಗೆ ನಾಲ್ಕು ಸಾಲು ಗೀಚುತ್ತೇವೆ. ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ. ಕ್ಯಾಪಿಟಲ್ ಅಕ್ಷರ ಮಾತ್ರ ಸಿಕ್ಕಸಿಕ್ಕಲ್ಲಿ. ಒಂದೇ ಪ್ಯಾರಾದಲ್ಲಿ 'ಟೆಂಪಲ್' ಒಮ್ಮೆ ದೊಡ್ಡ ಟಿ, ಮುಂದಿನ ಸಾಲಿನಲ್ಲಿ ಸಣ್ಣ ಟಿ. 'ಪೂಜಾ', 'ಪ್ರಸಾದ್', 'ಡಿವೋಟೀಸ್' ಎಲ್ಲಕ್ಕೂ ದೊಡ್ಡಕ್ಷರ. ಪಾಪ, 'ಅರೇಬಿಯನ್ ಸೀ'ಗೆ ಮಾತ್ರ ಸಣ್ಣದು.

ಇದಕ್ಕೆ ಕಾರಣ ಸೋಮಾರಿತನ ಅಲ್ಲ. ಕನ್ನಡದಲ್ಲಿ ಈ ವ್ಯವಸ್ಥೆಯೇ ಇಲ್ಲ. ದೇವನಾಗರಿಯಲ್ಲಿ ಇಲ್ಲ, ಉರ್ದುವಿನಲ್ಲೂ ಇಲ್ಲ. ದೊಡ್ಡದು, ಸಣ್ಣದು ಎಂದು ಎರಡು ಜೊತೆ ಅಕ್ಷರ ಇಟ್ಟುಕೊಂಡಿರುವ ಲಿಪಿಗಳು ಜಗತ್ತಿನಲ್ಲಿ ಕೆಲವೇ: ಲ್ಯಾಟಿನ್, ಗ್ರೀಕ್, ಸಿರಿಲಿಕ್, ಅರ್ಮೇನಿಯನ್ ಹೀಗೆ. ನಾವು ಬೆಳೆದ ಲಿಪಿಯಲ್ಲಿ ಇಲ್ಲದ್ದು ಕಣ್ಣಿಗೆ ಬೀಳುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು, ಅಷ್ಟೆ.

ಈ ಬರಹದಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಪ್ರೆಸ್ಸಿನವರಿಗೆ ಫೋನಿನಲ್ಲಿ ತಿದ್ದುಪಡಿ ಹೇಳುವಾಗ 'ಜಿ ದೊಡ್ಡದು ಮಾಡಿ', 'ಟಿ ಸಣ್ಣದು ಸಾಕು' ಅನ್ನುತ್ತೇವಲ್ವಾ, ಅದೇ ರೀತಿ.

ಹಂತ 1: ಗೌರವದ ಲೆಕ್ಕ ಬದಿಗಿಡಿ

ದೊಡ್ಡಕ್ಷರ ಅಂದರೆ ಗೌರವ. ಈ ನಂಬಿಕೆಯಿಂದಲೇ ಮುಕ್ಕಾಲು ಪಾಲು ಗೊಂದಲ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ರಾಮನಿಗೆ ದೊಡ್ಡ ಆರ್. ರಾವಣನಿಗೂ ದೊಡ್ಡ ಆರ್. ಕ್ರೈಸ್ತರ 'ಸೇಟನ್'ಗೆ ದೊಡ್ಡ ಎಸ್. ಆದರೆ 'ಏಂಜೆಲ್'ಗೆ ಸಣ್ಣ ಎ. ಸೈತಾನ ದೇವದೂತನಿಗಿಂತ ಮೇಲು ಅಂತ ಯಾರಾದರೂ ಒಪ್ಪುತ್ತಾರಾ? ವಿಷಯ ಬೇರೆ. 'ಸೇಟನ್' ಒಬ್ಬನ ಹೆಸರು, 'ಏಂಜೆಲ್' ಒಂದು ಜಾತಿಯ ಹೆಸರು. ಅದೇ ದೇವದೂತ 'ಗೇಬ್ರಿಯಲ್' ಅಂತ ಹೆಸರು ಹಿಡಿದು ಬಂದರೆ ತಕ್ಷಣ ದೊಡ್ಡ ಜಿ ಸಿಗುತ್ತದೆ.

ಇನ್ನೊಂದು ಮಾತು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಬಹುಪಾಲು ಹೀಬ್ರೂವಿನಲ್ಲಿದೆ. ಕುರಾನ್ ಅರಬ್ಬಿಯಲ್ಲಿದೆ. ವೇದ, ಉಪನಿಷತ್ತು ಸಂಸ್ಕೃತದಲ್ಲಿವೆ. ಈ ಮೂರು ಭಾಷೆಗಳ ಲಿಪಿಗಳಲ್ಲೂ ದೊಡ್ಡಕ್ಷರ ಇಲ್ಲ. ಅಂದರೆ ಮೂಲದಲ್ಲಿ ಯಾವ ದೇವರಿಗೂ ಅದು ಸಿಕ್ಕಿಲ್ಲ, ಯಾರ ಭಕ್ತಿಯೂ ಅದರಿಂದ ಕಡಿಮೆಯಾಗಿಲ್ಲ. ದೊಡ್ಡಕ್ಷರ ಇಂಗ್ಲಿಷಿನ ಬರವಣಿಗೆ ಪದ್ಧತಿ, ಆರತಿ ತಟ್ಟೆ ಅಲ್ಲ. ದೇವಸ್ಥಾನದ ಸಮಿತಿಯವರ ಜೊತೆ ವಾದಕ್ಕೆ ಕೂತಾಗ ನಾನು ಮೊದಲು ತೆಗೆಯುವುದು ಇದೇ ಅಸ್ತ್ರ.

ಹಂತ 2: ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪು ಮಾಡಿಕೊಳ್ಳಿ

ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಪರೀಕ್ಷೆಗೆ ಉರು ಹೊಡೆದದ್ದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನದಿ, ಊರು, ಗುಡ್ಡ, ದೇವಸ್ಥಾನ ರೂಢನಾಮ. ಕಾಳಿ, ಕಾರವಾರ, ಯಾಣ, ಮಹಾಬಲೇಶ್ವರ ಅಂಕಿತನಾಮ. ಪೂಜಾರಿ, ಶಿಕ್ಷಕ, ನ್ಯಾಯಾಧೀಶ ಅನ್ವರ್ಥನಾಮ.

ಈಗ ಇಂಗ್ಲಿಷಿಗೆ ಹೊಂದಿಸಿ. ಅಂಕಿತನಾಮಕ್ಕೆ ದೊಡ್ಡಕ್ಷರ. ರೂಢನಾಮಕ್ಕೆ ಸಣ್ಣದು. ಅನ್ವರ್ಥನಾಮ ಒಬ್ಬರ ಹೆಸರಿನ ಮುಂದೆ ಅಂಟಿಕೊಂಡರೆ ದೊಡ್ಡದು, ಒಂಟಿಯಾಗಿ ನಿಂತರೆ ಸಣ್ಣದು.

ಒಂದು ಪದ ಯಾವ ಗುಂಪಿನದ್ದು ಅಂತ ಅನುಮಾನ ಬಂದರೆ ಅದರ ಮೊದಲು ಇಂಗ್ಲಿಷಿನ 'ಎ' ಹಾಕಿ ನೋಡಿ. 'ಎ ಟೆಂಪಲ್', 'ಎ ರಿವರ್', 'ಎ ಪ್ರೀಸ್ಟ್' ಸರಾಗವಾಗಿ ಬರುತ್ತವೆ, ಹಾಗಾಗಿ ಸಣ್ಣಕ್ಷರ. 'ಎ ಗೋಕರ್ಣ' ಬರುವುದಿಲ್ಲ. ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 'ಎ ಹಿಂದೂ', 'ಎ ಕ್ರಿಶ್ಚಿಯನ್' ಸರಿಯಾದ ಇಂಗ್ಲಿಷೇ, ಆದರೂ ಅವಕ್ಕೆ ದೊಡ್ಡಕ್ಷರ ಬೇಕು. 'ವೇದಾಸ್', 'ವೆಸ್ಟರ್ನ್ ಘಾಟ್ಸ್' ಬಹುವಚನದಲ್ಲಿದ್ದರೂ ಅಂಕಿತನಾಮಗಳೇ.

ಹಂತ 3: 'ಗಾಡ್' ಬಂದಾಗ

ದೇವರು ಒಬ್ಬನೇ ಎಂಬ ಅರ್ಥದಲ್ಲಿ, ಅವನ ಹೆಸರಿನ ಜಾಗದಲ್ಲಿ 'ಗಾಡ್' ಬಂದರೆ ದೊಡ್ಡ ಜಿ. 'ಗಾಡ್ ಈಸ್ ಒನ್' ಅಂತ ಬರೆದರೆ ಅಲ್ಲಿ 'ಗಾಡ್' ಒಂದು ಹೆಸರಿನ ಹಾಗೆ ಕೆಲಸ ಮಾಡುತ್ತಿದೆ. ಬರೆದವರು ಹಿಂದೂ, ಮುಸ್ಲಿಂ, ಕ್ರೈಸ್ತ ಯಾರೇ ಆಗಲಿ, ನಿಯಮ ಒಂದೇ. ನಮ್ಮ ಅಜ್ಜಿಯಂದಿರು 'ದೇವರಿದ್ದಾನೆ ಬಿಡು' ಅನ್ನುವಾಗ ಯಾವ ದೇವರು ಅಂತ ಹೇಳುವುದಿಲ್ಲವಲ್ಲ, ಆ 'ದೇವರು' ಇಂಗ್ಲಿಷಿಗೆ ಹೋದರೆ ದೊಡ್ಡ ಜಿ.

ಹಲವು ದೇವರುಗಳಲ್ಲಿ ಒಬ್ಬ ಎಂಬ ಅರ್ಥ ಬಂದರೆ ಸಣ್ಣ ಜಿ. 'ದ ಗಾಡ್ಸ್ ಆಫ್ ಏನ್ಶಿಯೆಂಟ್ ಗ್ರೀಸ್', 'ಎ ವಿಲೇಜ್ ಗಾಡ್', 'ಹಿಂದೂ ಗಾಡ್ಸ್' ಎಲ್ಲವೂ ಸಣ್ಣ ಜಿ. ಇಲ್ಲಿ ಕೆಲವರಿಗೆ ನೋವಾಗುತ್ತದೆ. ಅವರ ದೇವರಿಗೆ ದೊಡ್ಡ ಜಿ, ನಮ್ಮ ದೇವರಿಗೆ ಸಣ್ಣ ಜಿ ಯಾಕೆ ಅಂತ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಿವ, ವಿಷ್ಣು, ಗಣಪತಿ ಎಂಬ ಹೆಸರುಗಳಿಗೆ ದೊಡ್ಡಕ್ಷರ ತಪ್ಪುವುದೇ ಇಲ್ಲ. ಸಣ್ಣದಾಗುವುದು 'ದೇವರು' ಎಂಬ ವರ್ಗದ ಹೆಸರು ಮಾತ್ರ. ಕ್ರೈಸ್ತರ ಬರಹದಲ್ಲೂ 'ಫಾಲ್ಸ್ ಗಾಡ್ಸ್', 'ಅದರ್ ಗಾಡ್ಸ್' ಬಂದರೆ ಸಣ್ಣ ಜಿಯೇ.

ಅದ್ವೈತದ ಬಗ್ಗೆ ಬರೆಯುತ್ತಿದ್ದರೆ ಇನ್ನೊಂದು ಎಚ್ಚರ. ಪರಬ್ರಹ್ಮ ಎಂಬ ಅರ್ಥದ 'ಬ್ರಹ್ಮನ್', ಸೃಷ್ಟಿಕರ್ತ 'ಬ್ರಹ್ಮ', ಜಾತಿಯ ಹೆಸರಾದ 'ಬ್ರಾಹ್ಮಿನ್' ಮೂರಕ್ಕೂ ದೊಡ್ಡ ಬಿ. ಇಲ್ಲಿ ಕ್ಯಾಪಿಟಲ್ ನಿಮ್ಮನ್ನು ಕಾಪಾಡುವುದಿಲ್ಲ, ಸ್ಪೆಲ್ಲಿಂಗ್ ಸರಿ ಇರಬೇಕು.

'ಲಾರ್ಡ್', 'ಗಾಡೆಸ್' ಪದಗಳದ್ದು ನಮ್ಮ ಕರಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ತೊಡಕು. ಒಂದು ಸುಲಭ ಗುರುತು ಹೇಳುತ್ತೇನೆ: ಆ ಪದದ ಮೊದಲು 'ದ' ಇದೆಯಾ ನೋಡಿ. 'ಗಾಡೆಸ್ ಮಾರಿಕಾಂಬಾ' ಅಂತ ನೇರವಾಗಿ ಬರೆದರೆ 'ಗಾಡೆಸ್' ಬಿರುದಿನ ಹಾಗೆ ಹೆಸರಿಗೆ ಅಂಟಿಕೊಂಡಿದೆ, ದೊಡ್ಡ ಜಿ ಇರಲಿ. 'ದ ಗಾಡೆಸ್ ಮಾರಿಕಾಂಬಾ' ಅಂದರೆ 'ಮಾರಿಕಾಂಬಾ ಎಂಬ ದೇವಿ' ಅಂತಾಯಿತು, ಅದು ವಿವರಣೆ, ಸಣ್ಣ ಜಿ ಸಾಕು. 'ಲಾರ್ಡ್ ಗಣೇಶ'ಕ್ಕೆ ದೊಡ್ಡ ಎಲ್. ಹೆಸರಿಲ್ಲದೆ 'ದ ಲಾರ್ಡ್' ಅಂತ ಬಂದು ಅದೇ ದೇವರನ್ನು ಸೂಚಿಸುತ್ತಿದ್ದರೆ ಆಗಲೂ ದೊಡ್ಡ ಎಲ್ ಇಡುವ ರೂಢಿ ಇದೆ. 'ದ ಗಾಡೆಸ್' ಒಂಟಿಯಾಗಿ ಬಂದಾಗ ಪತ್ರಿಕೆಗಳು ಸಣ್ಣ ಜಿ ಇಡುತ್ತವೆ. ದೇವಸ್ಥಾನದವರು ತಮ್ಮ ಪುಸ್ತಿಕೆಯಲ್ಲಿ ದೊಡ್ಡದೇ ಬೇಕು ಅಂದರೆ ಕೊಟ್ಟುಬಿಡಿ, ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹಾಗೇ ಇರಲಿ. 'ಡೀಟಿ', 'ಐಡಲ್', 'ಲಿಂಗ' ರೂಢನಾಮಗಳು, ಸಣ್ಣಕ್ಷರ. ಶಾಲ್ಮಲಾ ಹೊಳೆಯ 'ಸಹಸ್ರಲಿಂಗ' ಮಾತ್ರ ಊರ ಹೆಸರಿನ ಹಾಗೆ ಆಗಿದೆ, ದೊಡ್ಡ ಎಸ್.

ಹಂತ 4: ದೇವರಿಗೆ 'ಹಿ' ದೊಡ್ಡದಾ?

'ಹಿ', 'ಹಿಸ್', 'ಹಿಮ್' ಪದಗಳಿಗೆ ದೇವರ ವಿಷಯದಲ್ಲಿ ದೊಡ್ಡ ಎಚ್ ಹಾಕಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಇದು ಅನಾದಿ ಕಾಲದಿಂದ ಬಂದ ನಿಯಮ ಅಂತಲೂ ಅಂದುಕೊಂಡಿದ್ದಾರೆ. 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆದು ನೋಡಿ. ಅಲ್ಲಿ ದೇವರಿಗೆ ಬರುವ ಸರ್ವನಾಮಗಳು ಸಣ್ಣಕ್ಷರದಲ್ಲೇ ಇವೆ. ಅದನ್ನೇ ಹೊಸ ಇಂಗ್ಲಿಷಿಗೆ ತಂದ ನ್ಯೂ ಕಿಂಗ್ ಜೇಮ್ಸ್ ಆವೃತ್ತಿ 1982ರಲ್ಲಿ ಪೂರ್ಣವಾಗಿ ಬಂತು, ಅದರಲ್ಲಿ ದೊಡ್ಡಕ್ಷರ ಇದೆ. ಅಂದರೆ ಒಂದೇ ಪರಂಪರೆಯೊಳಗೆ ಹಳೆಯದು ಸಣ್ಣದು, ಹೊಸದು ದೊಡ್ಡದು!

ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಸ್ಟೈಲ್‌ಬುಕ್, ಅಂದರೆ ಬರವಣಿಗೆಯ ನಿಯಮಗಳ ಕೈಪಿಡಿ, ಸಣ್ಣಕ್ಷರ ಸಾಕು ಅನ್ನುತ್ತದೆ. ಪುಸ್ತಕ ಪ್ರಕಾಶಕರು ಜಾಸ್ತಿ ನೋಡುವ ಶಿಕಾಗೊ ಮ್ಯಾನುಯಲ್ ಆಫ್ ಸ್ಟೈಲ್ ಕೂಡ ಸಾಮಾನ್ಯವಾಗಿ ಸಣ್ಣದನ್ನೇ ಹೇಳುತ್ತದೆ. ನನ್ನ ಸಲಹೆ ಹೀಗಿದೆ: ಪತ್ರಿಕಾ ಪ್ರಕಟಣೆ, ಪ್ರವಾಸೋದ್ಯಮದ ಬೋರ್ಡು, ಶಾಲೆಯ ಸ್ಮರಣ ಸಂಚಿಕೆ, ಹೋಮ್‌ಸ್ಟೇ ಪರಿಚಯ ಇವುಗಳಲ್ಲಿ ಸಣ್ಣ ಎಚ್. ಭಜನೆಯ ಪುಸ್ತಿಕೆ, ಪ್ರಾರ್ಥನೆಯ ಹಾಳೆ, ಚರ್ಚಿನ ಹಬ್ಬದ ಕರೆಯೋಲೆ ಇವುಗಳಲ್ಲಿ ಬೇಕಾದರೆ ದೊಡ್ಡದು. ಅದನ್ನು ಓದುವವರು ಭಕ್ತರೇ, ಅವರಿಗೆ ಹಿತವಾದದ್ದು ಇರಲಿ. ಒಂದು ಷರತ್ತು ಮಾತ್ರ ಬಿಡಬೇಡಿ. ಯೇಸುವಿಗೆ ದೊಡ್ಡ ಎಚ್ ಕೊಟ್ಟ ಪುಟದಲ್ಲಿ ಕೃಷ್ಣನಿಗೆ ಸಣ್ಣದು ಕೊಡುವ ಹಾಗಿಲ್ಲ. ಭಾವೈಕ್ಯದ ಕಾರ್ಯಕ್ರಮದ ಆಮಂತ್ರಣದಲ್ಲೇ ಈ ಭೇದ ನುಸುಳಿದರೆ ಏನು ಚಂದ?

ಹಂತ 5: ಸ್ವಾಮಿ, ಫಾದರ್, ಇಮಾಮ್, ಜಡ್ಜ್

ಇವು ನಮ್ಮ ಅನ್ವರ್ಥನಾಮಗಳು. 'ಸ್ವಾಮಿ ವಿವೇಕಾನಂದ' ಅಂದಾಗ ದೊಡ್ಡ ಎಸ್. 'ದ ಸ್ವಾಮಿ ಸ್ಪೋಕ್' ಅಂದಾಗ ಸಣ್ಣದು. 'ಪೋಪ್ ಫ್ರಾನ್ಸಿಸ್'ಗೆ ದೊಡ್ಡ ಪಿ, 'ದ ಪೋಪ್' ಅಂದಾಗ ಸಣ್ಣ ಪಿ. ಪಾದ್ರಿಯವರ ಹೆಸರಿನ ಮುಂದೆ 'ಫಾದರ್' ಬಂದರೆ ದೊಡ್ಡ ಎಫ್, 'ದ ಪ್ರೀಸ್ಟ್' ಅಂದರೆ ಸಣ್ಣ ಪಿ. ಇಮಾಮರಿಗೂ ಇದೇ ಲೆಕ್ಕ. 'ದ ಪ್ರಾಫೆಟ್' ಅಂತ ಮುಹಮ್ಮದ್ ಪೈಗಂಬರರ ಹೆಸರಿನ ಬದಲಿಗೆ ಬಂದಾಗ ಸಾಮಾನ್ಯವಾಗಿ ದೊಡ್ಡ ಪಿ. 'ಪ್ರಾಫೆಟ್ಸ್' ಎಂದು ಪ್ರವಾದಿಗಳ ಗುಂಪನ್ನು ಹೇಳುವಾಗ ಸಣ್ಣದು. 'ದಲೈ ಲಾಮಾ' ಒಂದೇ ಪೀಠದ ಹೆಸರಾದ್ದರಿಂದ ಎರಡೂ ಪದಕ್ಕೆ ದೊಡ್ಡಕ್ಷರ. ಬರೀ 'ಎ ಲಾಮಾ' ಅಂದರೆ ಸಣ್ಣ ಎಲ್. ಮುಂಡಗೋಡದ ಟಿಬೆಟನ್ ಕಾಲೊನಿಯ ಬಗ್ಗೆ ಬರೆಯುವವರು ಇದನ್ನು ಗಮನಿಸಿ.

ಸರ್ಕಾರಿ ಹುದ್ದೆಗಳಿಗೂ ಇದೇ ನಿಯಮ. ರವೀಂದ್ರನಾಥ ಟಾಗೋರರು ಚಿಕ್ಕ ವಯಸ್ಸಿನಲ್ಲಿ ಕಾರವಾರಕ್ಕೆ ಬಂದು ಉಳಿದದ್ದು ಗೊತ್ತಲ್ಲ. ಅವರ ಅಣ್ಣ ಸತ್ಯೇಂದ್ರನಾಥ ಟಾಗೋರರು ಆಗ ಇಲ್ಲಿ ಜಡ್ಜ್ ಆಗಿದ್ದರು. 'ಜಡ್ಜ್ ಸತ್ಯೇಂದ್ರನಾಥ ಟಾಗೋರ್' ಅಂತ ಬರೆದರೆ ದೊಡ್ಡ ಜೆ. 'ಸತ್ಯೇಂದ್ರನಾಥ ಟಾಗೋರ್, ದ ಜಡ್ಜ್ ಅಟ್ ಕಾರವಾರ' ಅಂದರೆ ಸಣ್ಣ ಜೆ. ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ 'ಡೆಪ್ಯುಟಿ ಕಮಿಷನರ್', 'ಪ್ರೆಸಿಡೆಂಟ್', 'ಸೆಕ್ರೆಟರಿ' ಹೆಸರಿನ ಕೆಳಗೆ ಬೇರೆ ಸಾಲಿನಲ್ಲಿ ಬರುತ್ತವಲ್ಲ, ಅಲ್ಲಿ ದೊಡ್ಡಕ್ಷರ ಇರಬಹುದು. ಅದು ವಾಕ್ಯವಲ್ಲ, ಪಟ್ಟಿ. ಅಲ್ಲಿ ಸಣ್ಣಕ್ಷರ ಹಾಕಿ ಸಾಹೇಬರ ಮುಖ ಯಾಕೆ ಕೆಡಿಸುವುದು.

'ಅಂಕಲ್', 'ಮದರ್' ಇವಕ್ಕೂ ಹಾಗೇ. ಹೆಸರಿನ ಬದಲು ಕರೆಯುವಾಗ ದೊಡ್ಡದು, 'ಮೈ ಅಂಕಲ್' ಅಂದಾಗ ಸಣ್ಣದು.

ಹಂತ 6: ಕಟ್ಟಡ ಮತ್ತು ಮಠ

ಪೂರ್ತಿ ಹೆಸರು ಬಂದಾಗ ಎಲ್ಲ ಮುಖ್ಯ ಪದಗಳಿಗೂ ದೊಡ್ಡಕ್ಷರ: 'ಮಹಾಬಲೇಶ್ವರ ಟೆಂಪಲ್', 'ಸ್ವರ್ಣವಲ್ಲಿ ಮಠ', 'ಡ್ರೆಪುಂಗ್ ಮೊನಾಸ್ಟರಿ', ಚಂದಾವರದ 'ಸೇಂಟ್ ಫ್ರಾನ್ಸಿಸ್ ಝೇವಿಯರ್ ಚರ್ಚ್'. ಎರಡನೇ ಸಲ 'ದ ಟೆಂಪಲ್', 'ದ ಮಠ', 'ದ ಚರ್ಚ್' ಅಂತ ಬಂದರೆ ಸಣ್ಣಕ್ಷರ. ಮಸೀದಿ ಎಂಬ ಅರ್ಥದ 'ಮಾಸ್ಕ್' ಕೂಡ ಹಾಗೇ. ಎರಡು ಹೆಸರು ಜೊತೆಯಾಗಿ 'ಮಾರಿಕಾಂಬಾ ಆ್ಯಂಡ್ ಮಧುಕೇಶ್ವರ ಟೆಂಪಲ್ಸ್' ಅಂತ ಬಂದರೆ ಅಸೋಸಿಯೇಟೆಡ್ ಪ್ರೆಸ್ ಶೈಲಿಯಲ್ಲಿ ಕೊನೆಯ ಪದ ಸಣ್ಣದಾಗುತ್ತದೆ.

'ಚರ್ಚ್' ಪದಕ್ಕೆ ಇನ್ನೊಂದು ಅರ್ಥವಿದೆ: ಇಡೀ ಧರ್ಮಸಂಸ್ಥೆ. 'ರೋಮನ್ ಕ್ಯಾಥೊಲಿಕ್ ಚರ್ಚ್' ಅಂದಾಗ ಸಿ ದೊಡ್ಡದು. ಹಾಗೆಯೇ 'ಕ್ಯಾಥೊಲಿಕ್' ದೊಡ್ಡ ಸಿ ಇದ್ದರೆ ಪಂಗಡ. ಸಣ್ಣ ಸಿ ಇದ್ದರೆ ಎಲ್ಲವನ್ನೂ ಒಳಗೊಂಡ, ವಿಶಾಲವಾದ ಎಂಬ ಅರ್ಥ. ಯಾರಾದರೂ 'ಕ್ಯಾಥೊಲಿಕ್ ಟೇಸ್ಟ್' ಇದೆ ಅಂದರೆ ಅವರು ಕ್ರೈಸ್ತರಾಗಿರಬೇಕಿಲ್ಲ, ಯಕ್ಷಗಾನದಿಂದ ಜಾಝ್‌ವರೆಗೆ ಎಲ್ಲ ಕೇಳುವವರಿರಬಹುದು.

ಒಂದು ಸಣ್ಣ ಕರಪತ್ರದ ಸಾಲನ್ನೇ ತೆಗೆದುಕೊಂಡು ನೋಡೋಣ. ಕನ್ನಡದಲ್ಲಿ ಸಾಲು ಹೀಗಿದೆ: 'ಶಿರಸಿಯ ಶ್ರೀ ಮಾರಿಕಾಂಬಾ ದೇವಸ್ಥಾನದ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೇವಿಯನ್ನು ರಥದಲ್ಲಿ ಕರೆತರುತ್ತಾರೆ. ಭಕ್ತರು ಪೂಜೆ ಸಲ್ಲಿಸಿ ಪ್ರಸಾದ ಪಡೆಯುತ್ತಾರೆ.' ಇಂಗ್ಲಿಷಿಗೆ ತಂದಾಗ ಶಿರಸಿಯ ಎಸ್, ಶ್ರೀಯ ಎಸ್, ಮಾರಿಕಾಂಬಾದ ಎಂ, ಟೆಂಪಲ್‌ನ ಟಿ ದೊಡ್ಡವು. 'ಜಾತ್ರಾ' ಪದವನ್ನು 'ಮಾರಿಕಾಂಬಾ ಜಾತ್ರಾ' ಅಂತ ಉತ್ಸವದ ಹೆಸರಾಗಿ ಬರೆದರೆ ದೊಡ್ಡ ಜೆ. 'ದ ಜಾತ್ರಾ ಈಸ್ ಹೆಲ್ಡ್' ಅಂತ ಬಿಡಿಯಾಗಿ ಬರೆದರೆ ಸಣ್ಣ ಜೆ. ಎರಡನೇ ವಾಕ್ಯದ 'ಗಾಡೆಸ್' ಸಣ್ಣದು, 'ಚಾರಿಯಟ್' ಸಣ್ಣದು. 'ಡಿವೋಟೀಸ್' ಪದದಿಂದ ಮೂರನೇ ವಾಕ್ಯ ಶುರುವಾದ್ದರಿಂದ ಮಾತ್ರ ದೊಡ್ಡ ಡಿ ಸಿಗುತ್ತದೆ. 'ಪೂಜಾ', 'ಪ್ರಸಾದ್' ಸಣ್ಣವು. ಮೂರು ವಾಕ್ಯದಲ್ಲಿ ದೊಡ್ಡಕ್ಷರ ಎಷ್ಟು ಕಡಿಮೆ ಬಂತು ನೋಡಿ. ಇಂಗ್ಲಿಷ್ ಓದುಗರ ಕಣ್ಣಿಗೆ ಇದೇ ಹಿತ.

ಹಂತ 7: ಧರ್ಮ, ಸಮುದಾಯ, ಗ್ರಂಥ

ಧರ್ಮಗಳ ಹೆಸರು, ಅನುಯಾಯಿಗಳ ಹೆಸರು, ಅವುಗಳಿಂದ ಹುಟ್ಟಿದ ವಿಶೇಷಣ ಎಲ್ಲಕ್ಕೂ ದೊಡ್ಡಕ್ಷರ. ಹಿಂದೂ, ಜೈನ್, ಬುದ್ಧಿಸ್ಟ್, ಇಸ್ಲಾಮಿಕ್, ಲಿಂಗಾಯತ್. 'ಬುದ್ಧಿಸ್ಟ್ ಮಾಂಕ್' ಅಂದಾಗ ಬಿ ದೊಡ್ಡದು, ಎಂ ಸಣ್ಣದು. ನಾಸ್ತಿಕ ಎಂಬ ಅರ್ಥದ 'ಎಥೀಸ್ಟ್' ಸಣ್ಣದು, ಯಾಕೆಂದರೆ ಅದು ಒಂದು ಪಂಥದ ಅಂಕಿತನಾಮ ಅಲ್ಲ. ದೇವರು ಒಬ್ಬನೇ ಎಂಬ ಅರ್ಥದ 'ಮಾನೊಥೀಯಿಸಂ'ನಂಥ ಸಿದ್ಧಾಂತದ ಪದಗಳೂ ಸಣ್ಣವು. ಸೋಂದೆಯ ವಾದಿರಾಜರ ಬಗ್ಗೆ ಬರೆಯುವಾಗ 'ದ್ವೈತ'ಕ್ಕೆ ದೊಡ್ಡ ಡಿ, ಪಕ್ಕದ 'ಫಿಲಾಸಫಿ'ಗೆ ಸಣ್ಣ ಪಿ.

ಸಮುದಾಯದ ಹೆಸರುಗಳಲ್ಲಿ ತಪ್ಪು ಮಾಡಬೇಡಿ. ಹಾಲಕ್ಕಿ ಒಕ್ಕಲಿಗ, ಸಿದ್ದಿ, ಹವ್ಯಕ, ನವಾಯತ, ದಲಿತ ಎಲ್ಲ ದೊಡ್ಡಕ್ಷರ. ಪಕ್ಕದಲ್ಲಿ ಬರುವ 'ಕಮ್ಯುನಿಟಿ', 'ಟ್ರೈಬ್' ಸಣ್ಣಕ್ಷರ. 'ಷೆಡ್ಯೂಲ್ಡ್ ಟ್ರೈಬ್ಸ್' ಸಂವಿಧಾನದಲ್ಲಿರುವ ಹೆಸರು, ಎರಡೂ ಪದಕ್ಕೆ ದೊಡ್ಡಕ್ಷರ. ಇಂಥ ಪದದ ಮೊದಲು 'ಪ್ರಿ'ಯಂಥ ತುಣುಕು ಸೇರಿದರೆ ಆ ತುಣುಕು ಸಣ್ಣದಾಗಿಯೇ ಇರುತ್ತದೆ: 'ಪ್ರಿ-ವೇದಿಕ್'ನಲ್ಲಿ ಪಿ ಸಣ್ಣದು, ವಿ ದೊಡ್ಡದು.

ಗ್ರಂಥಗಳಿಗೆ ದೊಡ್ಡಕ್ಷರ: ಬೈಬಲ್, ಕುರಾನ್, ವೇದಾಸ್, ಪುರಾಣಾಸ್. ವಿಶೇಷಣಕ್ಕೆ ಬಂದಾಗ ಇಂಗ್ಲಿಷ್ ಒಂದು ವಿಚಿತ್ರ ಮಾಡುತ್ತದೆ. 'ಕುರಾನಿಕ್', 'ವೇದಿಕ್' ದೊಡ್ಡಕ್ಷರ, ಆದರೆ 'ಬಿಬ್ಲಿಕಲ್'ಗೆ ಮೇಲೆ ಹೇಳಿದ ಎರಡು ಶೈಲಿಗ್ರಂಥಗಳೂ ಸಣ್ಣ ಬಿ ಹೇಳುತ್ತವೆ. ತರ್ಕ ಹುಡುಕಬೇಡಿ, ರೂಢಿ ಅಷ್ಟೆ. 'ಅಡಿಕೆ ಬೆಳೆಗಾರರ ಬೈಬಲ್' ಅಂತ ಹೊಗಳಿ ಬರೆದರೆ ಅದು ರೂಢನಾಮ, ಸಣ್ಣ ಬಿ. ಯೇಸುವಿನ ಚರಿತ್ರೆಯ ನಾಲ್ಕು 'ಗಾಸ್ಪೆಲ್'ಗಳಿಗೆ ದೊಡ್ಡ ಜಿ, 'ಗಾಸ್ಪೆಲ್ ಮ್ಯೂಸಿಕ್'ಗೆ ಸಣ್ಣದು.

ಹಂತ 8: ಹಬ್ಬ ದೊಡ್ಡದು, ಆಚರಣೆ ಸಣ್ಣದು

ಹಬ್ಬದ ಹೆಸರು ಅಂಕಿತನಾಮ: ದೀಪಾವಳಿ, ಮಹಾಶಿವರಾತ್ರಿ, ಈದ್, ಕ್ರಿಸ್‌ಮಸ್, ಅಂಕೋಲೆ ಕಡೆಯ ಸುಗ್ಗಿ. 'ಫೆಸ್ಟಿವಲ್', 'ಕಾರ್ ಫೆಸ್ಟಿವಲ್', 'ಪ್ರೊಸೆಷನ್' ಸಣ್ಣವು. 'ಗುಡ್ ಫ್ರೈಡೇ' ಎರಡೂ ದೊಡ್ಡವು. 'ಫ್ರೈಡೇ ಪ್ರೇಯರ್' ಬರೆಯುವಾಗ ಎಫ್ ದೊಡ್ಡದು, ವಾರದ ಹೆಸರಾದ್ದರಿಂದ, ಪಿ ಸಣ್ಣದು. ರಂಜಾನ್‌ಗೆ ದೊಡ್ಡ ಆರ್, 'ಇಫ್ತಾರ್'ಗೆ ಸಣ್ಣ ಐ.

ಪೂಜಾ, ಆರತಿ, ಭಜನ್, ದರ್ಶನ್, ನಮಾಜ್, ಬ್ಯಾಪ್ಟಿಸಂ ಎಲ್ಲ ಸಣ್ಣಕ್ಷರ. ಕರ್ಮ, ಧರ್ಮ, ಮೋಕ್ಷ, ನಿರ್ವಾಣ, ಯೋಗ ಸಣ್ಣಕ್ಷರ. 'ಹೆವನ್', 'ಹೆಲ್' ಕೂಡ. ಗ್ರೀಕರ ಪಾತಾಳ 'ಹೇಡೀಸ್' ಅಂಕಿತನಾಮವಾದ್ದರಿಂದ ದೊಡ್ಡ ಎಚ್. ಕ್ಯಾಥೊಲಿಕರ ಬಲಿಪೂಜೆ 'ಮಾಸ್' ವಿಷಯದಲ್ಲಿ ಪದ್ಧತಿ ಒಂದೇ ಇಲ್ಲ. ಅಸೋಸಿಯೇಟೆಡ್ ಪ್ರೆಸ್ ದೊಡ್ಡ ಎಂ ಹಾಕುತ್ತದೆ. ಚರ್ಚಿನ ಕೆಲಸಕ್ಕೆ ಬರೆಯುವಾಗ ನಾನೂ ಅದನ್ನೇ ಹಾಕುತ್ತೇನೆ.

ಹೆಸರು ಸವೆದು ರೂಢನಾಮವಾದರೆ ದೊಡ್ಡಕ್ಷರವೂ ಉದುರುತ್ತದೆ. ಪುರಿಯ ಜಗನ್ನಾಥನ ರಥದಿಂದ ಇಂಗ್ಲಿಷಿಗೆ ಹೋದ 'ಜಗ್ಗರ್ನಾಟ್' ಈಗ ಸಣ್ಣ ಜೆ. ಎದುರಿಗೆ ಬಂದದ್ದನ್ನೆಲ್ಲ ತುಳಿದು ಹೋಗುವ ಶಕ್ತಿ ಅಂತ ಅರ್ಥ. ಗುರು, ಅವತಾರ್, ಮಂತ್ರ ಇವೂ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಪದಗಳೇ.

ಹಂತ 9: ಸಮುದ್ರ, ಘಟ್ಟ, ಮೀನು, ಅಡಿಕೆ

ಹೋಮ್‌ಸ್ಟೇ ನಡೆಸುವವರಿಗೆ ಈ ಭಾಗ ಜಾಸ್ತಿ ಬೇಕು. 'ಅರೇಬಿಯನ್ ಸೀ' ಎರಡೂ ದೊಡ್ಡವು, ಬರೀ 'ದ ಸೀ' ಸಣ್ಣದು. 'ಓಂ ಬೀಚ್', 'ಕುಡ್ಲೆ ಬೀಚ್' ದೊಡ್ಡವು, 'ಎ ಕ್ವಯಟ್ ಬೀಚ್' ಸಣ್ಣದು. 'ದೇವಿಮನೆ ಘಾಟ್'ಗೆ ದೊಡ್ಡ ಜಿ, 'ಘಾಟ್ ರೋಡ್'ಗೆ ಸಣ್ಣ ಜಿ.

ದಿಕ್ಕುಗಳಲ್ಲಿ ಬಹಳ ಜನ ಎಡವುತ್ತಾರೆ. ಶಿರಸಿಯಿಂದ ಪಶ್ಚಿಮಕ್ಕೆ ಹೋದರೆ ಕುಮಟಾ ಅನ್ನುವಾಗಿನ 'ವೆಸ್ಟ್' ಸಣ್ಣದು. ನಮ್ಮ ಜಿಲ್ಲೆಯ ಹಳೆಯ ಹೆಸರು 'ನಾರ್ತ್ ಕೆನರಾ' ಅಂದಾಗ ಎನ್ ದೊಡ್ಡದು. 1862ರಲ್ಲಿ ಮದ್ರಾಸ್‌ನಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದಾಗಲೂ ಜಿಲ್ಲೆಗೆ ಅದೇ ಹೆಸರು. ಅಲ್ಲಿ 'ನಾರ್ತ್' ದಿಕ್ಕಲ್ಲ, ಹೆಸರಿನ ಭಾಗ. 'ಕೋಸ್ಟಲ್ ಕರ್ನಾಟಕ'ದ ಸಿ ಮಾತ್ರ ಸಣ್ಣದು, ಅದು ಬರೀ ವಿವರಣೆ.

ಚರಿತ್ರೆಗೂ ಹೀಗೇ. ಅಂಕೋಲೆಯಲ್ಲಿ 1930ರಲ್ಲಿ ನಡೆದ 'ಸಾಲ್ಟ್ ಸತ್ಯಾಗ್ರಹ' ಒಂದು ನಿರ್ದಿಷ್ಟ ಘಟನೆ, ಎರಡೂ ಪದಕ್ಕೆ ದೊಡ್ಡ ಎಸ್. 'ದ ಫ್ರೀಡಂ ಮೂವ್‌ಮೆಂಟ್', 'ಎ ಸತ್ಯಾಗ್ರಹ' ಸಣ್ಣವು. ಬನವಾಸಿಯ 'ಕದಂಬ ಡೈನಸ್ಟಿ'ಯಲ್ಲಿ ಕೆ ದೊಡ್ಡದು, ಡಿ ಸಣ್ಣದು.

ಮೀನು, ಹಣ್ಣು, ಮರಗಳೆಲ್ಲ ಸಣ್ಣಕ್ಷರ. ಊಟದ ಪಟ್ಟಿಯ ಕೆಳಗೆ ಬರೆಯುವ ವಿವರಣೆಯಲ್ಲಿ ಬಂಗಡೆಗೆ 'ಮ್ಯಾಕೆರೆಲ್' ಸಣ್ಣ ಎಂ. 'ಇಂಡಿಯನ್ ಮ್ಯಾಕೆರೆಲ್' ಅಂದರೆ ಐ ಮಾತ್ರ ದೊಡ್ಡದು. ವೈಜ್ಞಾನಿಕ ಹೆಸರು ಬರೆಯುವ ಉತ್ಸಾಹ ಇದ್ದರೆ ಮೊದಲ ಪದ ದೊಡ್ಡದು, ಎರಡನೆಯದು ಸಣ್ಣದು, ಎರಡೂ ಓರೆ ಅಕ್ಷರ. ಬಂಗಡೆ 'ರಾಸ್ಟ್ರೆಲಿಜರ್ ಕಾನಗುರ್ಟಾ', ಆರ್ ದೊಡ್ಡದು, ಕೆ ಸಣ್ಣದು. ಅಡಿಕೆ 'ಅರೆಕಾ ಕ್ಯಾಟೆಚು', ಎ ದೊಡ್ಡದು, ಸಿ ಸಣ್ಣದು. ಸಾಮಾನ್ಯ ಇಂಗ್ಲಿಷಿನ 'ಅರೆಕಾ ನಟ್' ಪೂರ್ತಿ ಸಣ್ಣದು. ಆದರೆ 2019ರಲ್ಲಿ ಭೌಗೋಳಿಕ ಸೂಚಿ ಪಡೆದ 'ಶಿರಸಿ ಸುಪಾರಿ' ನೋಂದಾಯಿತ ಹೆಸರು, ಎರಡೂ ಪದಕ್ಕೆ ದೊಡ್ಡ ಎಸ್.

ತಿಂಗಳು, ವಾರ, ಭಾಷೆಗೆ ದೊಡ್ಡಕ್ಷರ. ಋತುಗಳಿಗೆ ಬೇಡ: 'ಜೂನ್' ದೊಡ್ಡದು, 'ಮಾನ್ಸೂನ್' ಸಣ್ಣದು.

ಹಂತ 10: ತಲೆಬರಹದ ಲೆಕ್ಕ ಬೇರೆ

ಶೀರ್ಷಿಕೆಯಲ್ಲಿ ಮೊದಲ ಪದ, ಕೊನೆಯ ಪದ, ನಾಮಪದ, ಕ್ರಿಯಾಪದ, ಸರ್ವನಾಮ, ವಿಶೇಷಣಗಳಿಗೆ ದೊಡ್ಡಕ್ಷರ. ನಡುವಿನ 'ಆಫ್', 'ದ', 'ಆ್ಯಂಡ್'ನಂಥ ಪುಟ್ಟ ಪದಗಳಿಗೆ ಸಣ್ಣದು. 'ಈಸ್' ಪುಟ್ಟದಾಗಿ ಕಾಣುತ್ತದೆ, ಆದರೆ ಅದು ಕ್ರಿಯಾಪದ. ದೊಡ್ಡ ಐ ಬೇಕು. ಇಷ್ಟೆಲ್ಲ ತಲೆಬಿಸಿ ಬೇಡ ಅನ್ನುವವರು ಶೀರ್ಷಿಕೆಯನ್ನೂ ವಾಕ್ಯದ ಹಾಗೆ ಬರೆಯಬಹುದು, ಮೊದಲ ಅಕ್ಷರ ಮತ್ತು ಅಂಕಿತನಾಮ ಮಾತ್ರ ದೊಡ್ಡದು. ಈಗ ಅನೇಕ ಪತ್ರಿಕೆಗಳು ಹಾಗೇ ಮಾಡುತ್ತವೆ.

ಫ್ಲೆಕ್ಸಿನ ಮೇಲೆ ಪೂರ್ತಿ ದೊಡ್ಡಕ್ಷರ ಹಾಕಿದರೆ ಈ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ಪದಕ್ಕೆ ಅದು ಸರಿ. ದೇವಸ್ಥಾನದ ಇಡೀ ಸ್ಥಳಪುರಾಣವನ್ನೇ ದೊಡ್ಡಕ್ಷರದಲ್ಲಿ ಬರೆಸಿದರೆ ಯಾರೂ ಓದುವುದಿಲ್ಲ.

ಹಂತ 11: ಪದಪಟ್ಟಿ ಮಾಡಿ, ಕಂಪ್ಯೂಟರಿನಲ್ಲಿ ಹುಡುಕಿ

ಕೆಲಸ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಅನುಮಾನದ ಪದಗಳನ್ನು ಬರೆದಿಡಿ. ಗಾಡೆಸ್ ಒಂಟಿಯಾಗಿ ಬಂದಾಗ ಏನು, ಸ್ವಾಮೀಜಿ ಏನು, ಯಕ್ಷಗಾನಕ್ಕೆ ದೊಡ್ಡ ವೈ ಬೇಕಾ ಸಣ್ಣದಾ. ಯಕ್ಷಗಾನ ಎರಡೂ ರೀತಿ ಪ್ರಚಾರದಲ್ಲಿದೆ, ಒಂದನ್ನು ಆರಿಸಿಕೊಳ್ಳಿ. ಆ ಹಾಳೆಗೆ ಸಮಿತಿಯ ಅಧ್ಯಕ್ಷರ ಒಪ್ಪಿಗೆ ಮೊದಲೇ ಪಡೆದುಕೊಂಡರೆ, ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ಬರುವ ಫೋನ್ ತಪ್ಪುತ್ತದೆ.

ವರ್ಡ್‌ನಲ್ಲಿ ಪದವನ್ನು ಆಯ್ಕೆ ಮಾಡಿ ಶಿಫ್ಟ್ ಹಿಡಿದು ಎಫ್3 ಒತ್ತಿ. ಒತ್ತಿದ ಹಾಗೆ ಅಕ್ಷರ ದೊಡ್ಡದು ಸಣ್ಣದು ಬದಲಾಗುತ್ತಾ ಹೋಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ಟೆಕ್ಸ್ಟ್ ವಿಭಾಗದೊಳಗೆ ಇದೇ ಸೌಲಭ್ಯ ಇದೆ. ಬರೆದು ಮುಗಿದ ಮೇಲೆ ಹುಡುಕುವ ಕಿಟಕಿಯಲ್ಲಿ 'ಮ್ಯಾಚ್ ಕೇಸ್' ಆಯ್ಕೆ ಹಾಕಿ, ದೊಡ್ಡ ಟಿಯ 'ಟೆಂಪಲ್' ಒಮ್ಮೆ ಹುಡುಕಿ, ಸಣ್ಣ ಟಿಯದ್ದು ಒಮ್ಮೆ ಹುಡುಕಿ. ಪೂರ್ತಿ ಹೆಸರಿನ ಜೊತೆ ಇಲ್ಲದ ದೊಡ್ಡ ಟಿ ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ. 'ಗಾಡ್', 'ಲಾರ್ಡ್', 'ಪೂಜಾ', 'ಹಿಸ್' ಪದಗಳಿಗೂ ಹೀಗೇ ಮಾಡಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಗುಂಡಿ ಒತ್ತಬೇಡಿ. ವಾಕ್ಯದ ಮೊದಲಲ್ಲಿರುವ ಪದವೂ, ದೇವಸ್ಥಾನದ ಹೆಸರಿನೊಳಗಿನ ಪದವೂ ಅದರ ಜೊತೆ ಸಣ್ಣದಾಗಿಬಿಡುತ್ತವೆ.

ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವವರು ಇನ್ನೊಂದು ನೋಡಿಕೊಳ್ಳಿ. ಚುಕ್ಕೆ ಬಂದ ತಕ್ಷಣ ವಾಕ್ಯ ಮುಗಿಯಿತು ಅಂತ ಕೀಬೋರ್ಡು ತಿಳಿದುಕೊಂಡು ಮುಂದಿನ ಪದಕ್ಕೆ ತಾನೇ ದೊಡ್ಡಕ್ಷರ ಹಾಕುತ್ತದೆ. 'ಜಿಲ್ಲೆ', 'ಕಿಲೋಮೀಟರ್' ಇವುಗಳ ಇಂಗ್ಲಿಷ್ ಹ್ರಸ್ವರೂಪಕ್ಕೆ ಚುಕ್ಕೆ ಇಟ್ಟರೆ ಪಕ್ಕದ ಪದ ಕೆಡುತ್ತದೆ. 'ಕಿಲೋಮೀಟರ್'ಗೆ ಚುಕ್ಕೆ ಬೇಕಾಗಿಯೇ ಇಲ್ಲ, ಕೆ ಮತ್ತು ಎಂ ಎರಡೂ ಸಣ್ಣವು. ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ಆಟೊ ಕ್ಯಾಪಿಟಲೈಸೇಶನ್ ಆಫ್ ಮಾಡಿ ಟೈಪ್ ಮಾಡುವುದು ಒಳ್ಳೆಯದು.